ತುದಿಯಿಂದ ಬುಡಕ್ಕೆ: ಬಾಸ್ ಮೀನಿಗೆ ಲ್ಯೂರ್, ರಾಡ್, ರೀಲ್ ಆರಿಸುವ ಬಗೆ

(ಟೆಕ್ಸಾಸ್‌ನ ಡಲ್ಲಾಸ್ ಸುತ್ತಮುತ್ತಲಿನ ಕನ್ನಡಿಗರು ಸೇರಿದ್ದ ಒಂದು ಸಂಜೆ ಆಡಿದ ಮಾತಿನ ಬರಹ ರೂಪ)

"ಯಾವ ರೀಲ್ ತಗೊಳ್ಳಲಿ?" ಬಾಸ್ ಹಿಡಿಯುವ ಆಸೆ ಹುಟ್ಟಿದವರೆಲ್ಲ ನನ್ನನ್ನು ಮೊದಲು ಕೇಳುವುದು ಗಾಳದ ದಾರ ಸುತ್ತುವ ಈ ರಾಟೆಯ ಬಗ್ಗೆಯೇ. ನಾನು ತಿರುಗಿ ಕೇಳುತ್ತೇನೆ: ಯಾವ ನೀರಿಗೆ ಹೋಗ್ತೀರಿ? ಮನೆ ಹಿಂದಿನ ಪಾಂಡಿಗೋ, ಲೇಕ್ ಫೋರ್ಕಿಗೋ? ದಡದಲ್ಲಿ ನಿಂತು ಎಸೆಯುತ್ತೀರೋ, ದೋಣಿಯಲ್ಲೋ? ಅಲ್ಲಿ ಜೊಂಡು ಬೆಳೆದಿದೆಯೋ, ಮರ ಮುಳುಗಿವೆಯೋ, ಬರೀ ಕಲ್ಲೋ? ಇದು ಗೊತ್ತಾಗದೆ ರೀಲಿನ ಮಾತು ಆಡುವುದು ಅಳತೆ ತೆಗೆಯದೆ ಬಟ್ಟೆ ಕತ್ತರಿಸಿದ ಹಾಗೆ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಈ ಕ್ರಮವನ್ನು. ಮೀನು ಎಲ್ಲಿ ಕೂತಿದೆ ಅನ್ನುವುದನ್ನು ನೀರು ಹೇಳುತ್ತದೆ. ಅಲ್ಲಿಗೆ ಯಾವ ಲ್ಯೂರ್, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಎರೆ, ಹೋಗಬಲ್ಲದು ಅನ್ನುವುದು ಅದರಿಂದ ತೀರ್ಮಾನವಾಗುತ್ತದೆ. ಲ್ಯೂರಿನ ತೂಕ ಮತ್ತು ಅದರ ಕೊಕ್ಕೆ ನೋಡಿ ದಾರ, ದಾರ ನೋಡಿ ರಾಡ್ ಅನ್ನುವ ಗಾಳದ ಕೋಲು, ಕಟ್ಟಕಡೆಗೆ ರೀಲ್. ಅಂಗಡಿಯಲ್ಲಿ ಮಾತ್ರ ಇದೆಲ್ಲ ಉಲ್ಟಾ ನಡೆಯುತ್ತದೆ. ಹೊಳೆಯುವ ರೀಲ್ ಕಣ್ಣಿಗೆ ಬೀಳುತ್ತದೆ, ಅದಕ್ಕೆ ಒಪ್ಪುವ ರಾಡ್ ಕೊಳ್ಳುತ್ತೇವೆ, ಆಮೇಲೆ ಚೆಂದ ಕಂಡ ಲ್ಯೂರುಗಳನ್ನು ಬುಟ್ಟಿಗೆ ಹಾಕಿಕೊಳ್ಳುತ್ತೇವೆ. ನಾನೂ ಮೊದಲ ವರ್ಷ ಹಾಗೇ ಕೊಂಡೆ. ದಪ್ಪ ರಾಡ್, ಭಾರಿ ಬೈಟ್‌ಕಾಸ್ಟರ್ ರೀಲ್, ಕಟ್ಟಿದ್ದು ಮಾತ್ರ 1/8 ಔನ್ಸಿನ, ಅಂದರೆ ಮೂರೂವರೆ ಗ್ರಾಮಿನ ಲ್ಯೂರ್. ಅದು ಹತ್ತಡಿ ಆಚೆ ಹೋಗುತ್ತಿರಲಿಲ್ಲ. ಒಂದು ವಸಂತ ಪೂರ್ತಿ ದಾರದ ಸಿಕ್ಕು ಬಿಡಿಸುವುದರಲ್ಲೇ ಕಳೆದುಹೋಯಿತು. ಆ ವಸಂತ ನಿಮ್ಮದೂ ಆಗಬಾರದು.

ಹಾಗಾಗಿ ಮೀನಿನಿಂದಲೇ ಶುರು ಮಾಡೋಣ. ನಮ್ಮ ಕಡೆ ಬಾಸ್ ಅಂದರೆ ಬಹುತೇಕ ಲಾರ್ಜ್‌ಮೌತ್ ಬಾಸ್. ಹೆಸರಲ್ಲಿ ಬಾಸ್ ಇದ್ದರೂ ಇದು ಸನ್‌ಫಿಶ್ ಕುಟುಂಬದ ಮೀನು. ನಿಮ್ಮ ಮಕ್ಕಳು ಪಾಂಡಿನಲ್ಲಿ ಹಿಡಿಯುವ ಬ್ಲೂಗಿಲ್‌ಗೆ ದಾಯಾದಿ. ಬಾಯಿ ಮುಚ್ಚಿದಾಗ ಮೇಲ್ದವಡೆ ಕಣ್ಣಿನ ಹಿಂಚು ದಾಟಿ ಹೋದರೆ ಲಾರ್ಜ್‌ಮೌತ್, ಕಣ್ಣಿನ ನೇರಕ್ಕೇ ನಿಂತರೆ ಸ್ಮಾಲ್‌ಮೌತ್. ಸ್ಮಾಲ್‌ಮೌತ್ ತಂಪು ನೀರು, ಕಲ್ಲು, ಹರಿವು ಬಯಸುವ ಮೀನು. ಅದರ ಸಲಕರಣೆ ಬೇರೆ ದಿನದ ಮಾತು.

ನಾನು ಬೆಳೆದದ್ದು ಹಳೇ ಮೈಸೂರು ಕಡೆಯ ಒಂದು ಕೆರೆಯ ಏರಿ ಪಕ್ಕ. ಅಲ್ಲಿ ಕೊರವ ಮೀನು ಹಿಡಿಯುತ್ತಿದ್ದವರು ಎರೆಹುಳು ಹಾಕಿ ಬೆಂಡು ತೇಲಿಸಿ ಕೂರುತ್ತಿರಲಿಲ್ಲ. ಜೊಂಡಿನ ಅಂಚಿನಲ್ಲಿ ಗಾಳಕ್ಕೆ ಕಪ್ಪೆ ಕಟ್ಟಿ ನೀರಿನ ಮೇಲೆ ಕುಣಿಸುತ್ತಿದ್ದರು. ಕೊರವ ಹೊಂಚು ಹಾಕುವ ಮೀನು. ನೆರಳಿನಲ್ಲಿ ಅಲ್ಲಾಡದೆ ನಿಂತು, ಎದುರಿಗೆ ಬಂದದ್ದರ ಮೇಲೆ ಎರಗುತ್ತದೆ. ಬಾಸ್ ಮತ್ತು ಕೊರವಕ್ಕೆ ರಕ್ತಸಂಬಂಧವಿಲ್ಲ, ಆದರೆ ಕಸುಬು ಒಂದೇ. ನಮ್ಮ ಕೆರೆಯಲ್ಲಿ ಜೊಂಡಿನ ಅಂಚನ್ನು ಓದಲು ಕಲಿತ ಕಣ್ಣು ಇಲ್ಲೂ ಕೆಲಸಕ್ಕೆ ಬರುತ್ತದೆ. ರಬ್ಬರಿನ ಟೊಳ್ಳು ಕಪ್ಪೆಯನ್ನು ಮೊದಲ ಸಲ ಇಲ್ಲಿಯ ಅಂಗಡಿಯಲ್ಲಿ ಕಂಡಾಗ ನನಗೆ ಊರಿನವರನ್ನು ಕಂಡಷ್ಟು ಸಂತೋಷವಾಯಿತು.

ಬಾಸ್ ಕಚ್ಚುವುದಿಲ್ಲ, ಹೀರುತ್ತದೆ. ಆ ದೊಡ್ಡ ಬಾಯಿ ಗಕ್ಕನೆ ತೆರೆದರೆ ನೀರು ಒಳಗೆ ನುಗ್ಗುತ್ತದೆ, ನೀರಿನ ಜೊತೆ ಲ್ಯೂರೂ ಹೋಗುತ್ತದೆ. ಒಪ್ಪಿಗೆಯಾಗದಿದ್ದರೆ ಅಷ್ಟೇ ಬೇಗ ಉಗಿದುಬಿಡುತ್ತದೆ. ಕೈಗೆ ತಿಳಿಯುವುದು ಒಂದು ಸಣ್ಣ "ಟಪ್" ಮಾತ್ರ. ಒಮ್ಮೊಮ್ಮೆ ಅದೂ ಇಲ್ಲ, ದಾರ ಸುಮ್ಮನೆ ಪಕ್ಕಕ್ಕೆ ಸರಿಯುತ್ತದೆ. ರಾಡಿನ ತುದಿ ಸೂಕ್ಷ್ಮವಾಗಿರಬೇಕು ಅನ್ನುವುದು ಇದೇ ಕಾರಣಕ್ಕೆ.

ಇನ್ನು ನೀರು. ಟೆಕ್ಸಾಸ್‌ನ ದೊಡ್ಡ ಲೇಕುಗಳು ಬಹುತೇಕ ಎಲ್ಲವೂ ನಮ್ಮೂರ ಕೆರೆಗಳ ಹಾಗೆ ಕಟ್ಟೆ ಹಾಕಿ ನಿಲ್ಲಿಸಿದವು. ಲೇಕ್ ಫೋರ್ಕಿನ ಅಣೆಕಟ್ಟು ಮುಗಿದದ್ದು 1980ರಲ್ಲಿ. 27,000 ಎಕರೆಗೂ ಹೆಚ್ಚು ನೀರು, ಅದರೊಳಗೆ ಕಡಿಯದೆ ಬಿಟ್ಟ ಕಾಡು. ಇವತ್ತಿಗೂ ಒಣಗಿದ ಮರದ ಬೊಡ್ಡೆಗಳು ನೀರಿನಿಂದ ಮೇಲೆದ್ದು ನಿಂತಿವೆ. ಅಂಥ ಕಡೆ ಮೂರು ಮುಳ್ಳಿನ ಕೊಕ್ಕೆ ತೂಗುವ ಲ್ಯೂರ್ ಎಸೆದರೆ ಮೊದಲು ಸಿಗುವುದು ಮರ. ಅಲ್ಲಿಗೆ ಬೇಕಾದದ್ದು ಟೆಕ್ಸಾಸ್ ರಿಗ್. ಗುಂಡಿನಾಕಾರದ ಸಣ್ಣ ತೂಕ ದಾರದಲ್ಲಿ ಜಾರುವ ಹಾಗೆ ಪೋಣಿಸಿ, ಕೆಳಗೆ ಒಂಟಿ ಕೊಕ್ಕೆ ಕಟ್ಟಿ, ಪ್ಲಾಸ್ಟಿಕ್ ಹುಳುವನ್ನು ಏರಿಸಿ, ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸುವುದು. ಕೊಂಬೆಗಳ ನಡುವೆ ಇಳಿದರೂ ಸಿಕ್ಕಿಕೊಳ್ಳುವುದಿಲ್ಲ.

ಈ ಪ್ಲಾಸ್ಟಿಕ್ ಹುಳುವಿನ ಕಥೆ ಹೇಳದೆ ಮುಂದೆ ಹೋಗಲಾರೆ. 1940ರ ದಶಕದ ಕೊನೆಯಲ್ಲಿ ಓಹಾಯೋದ ಏಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ಕಾಸ್ಮಾ ತಮ್ಮ ಮನೆಯ ಅಡುಗೆ ಒಲೆಯ ಮೇಲೆ ವಿನೈಲ್ ಕರಗಿಸಿ, ನಿಜವಾದ ಎರೆಹುಳುವಿನ ಅಚ್ಚಿನಲ್ಲಿ ಹೊಯ್ದು ನೋಡಿದರು. ಏಕ್ರನ್ ಟೈರುಗಳ ಊರು, ರಬ್ಬರು ಪ್ಲಾಸ್ಟಿಕ್ಕುಗಳ ತಿಳಿವಳಿಕೆ ಗಾಳಿಯಲ್ಲೇ ಇತ್ತು ಅನ್ನಬೇಕು. ಆಮೇಲೆ ಅವರ ಉದ್ಯಮ ನಮ್ಮ ಪೂರ್ವ ಟೆಕ್ಸಾಸ್‌ನ ಟೈಲರ್ ಊರಿಗೇ ಬಂತು. ಬಾಸ್ ಹಿಡಿಯುವ ಪೆಟ್ಟಿಗೆಯಲ್ಲಿ ಒಂದೇ ಒಂದು ಲ್ಯೂರಿಗೆ ಜಾಗವಿದೆ ಅಂದರೆ ನಾನು ಈ ಹುಳುವನ್ನೇ ಇಟ್ಟುಕೊಳ್ಳುತ್ತೇನೆ. ಇನ್ನೊಂದಕ್ಕೆ ಜಾಗವಿದ್ದರೆ ಸೆಂಕೋ. ಗ್ಯಾರಿ ಯಮಾಮೊಟೊ ರೂಪಿಸಿದ, ಉಪ್ಪು ತುಂಬಿದ ದಪ್ಪ ಕಡ್ಡಿಯಂಥದ್ದು. ನೋಡಲು ಏನೂ ಅಲ್ಲ. ಅದನ್ನು ನಡುಮಧ್ಯಕ್ಕೆ ಕೊಕ್ಕೆ ಚುಚ್ಚಿ ನೀರಿಗೆ ಬಿಡಿ, ಎರಡೂ ತುದಿ ನಡುಗುತ್ತಾ ನಿಧಾನ ಇಳಿಯುತ್ತದೆ. ನೀವು ಏನೂ ಮಾಡಬೇಕಿಲ್ಲ. ಬಾಸ್ ಬಹಳ ಸಲ ಇಳಿಯುವ ದಾರಿಯಲ್ಲೇ ಹೀರಿಕೊಳ್ಳುತ್ತದೆ.

ಉಳಿದ ಲ್ಯೂರುಗಳನ್ನು ನೀರಿನ ಆಳದ ಲೆಕ್ಕದಲ್ಲಿ ನೆನಪಿಡಿ. ಮೇಲ್ಮೈಗೆ ನೀರು ಚಿಮ್ಮಿಸುವ ಪಾಪರ್, ರಬ್ಬರ್ ಕಪ್ಪೆ, ರೆಕ್ಕೆ ತಿರುಗಿಸಿ ಸದ್ದು ಮಾಡುವ ಬಜ್‌ಬೈಟ್. ಬೆಳಗಿನ ಜಾವಕ್ಕೆ, ಸಂಜೆಗೆ, ಮೋಡ ಕವಿದ ದಿನಕ್ಕೆ. ನಡುನೀರಿಗೆ ಹೊಳೆಯುವ ತಗಡು ತಿರುಗುವ ಸ್ಪಿನ್ನರ್‌ಬೈಟ್ ಮತ್ತು ಮರಿಮೀನಿನ ಆಕಾರದ ಕ್ರ್ಯಾಂಕ್‌ಬೈಟ್. ತಳಕ್ಕೆ ತಲೆಯಲ್ಲೇ ತೂಕವಿರುವ ಕೊಕ್ಕೆ, ಅಂದರೆ ಜಿಗ್, ಮತ್ತು ಹುಳು. ಕ್ರ್ಯಾಂಕ್‌ಬೈಟಿನ ಮೂತಿಯಲ್ಲಿ ಒಂದು ಪ್ಲಾಸ್ಟಿಕ್ ನಾಲಗೆ ಇರುತ್ತದಲ್ಲ, ಅದು ಉದ್ದವಾಗಿ ಮುಂದಕ್ಕೆ ಚಾಚಿದಷ್ಟೂ ಆಳಕ್ಕೆ ಧುಮುಕುತ್ತದೆ. ನಿಮ್ಮ ಪಾಂಡಿನ ಆಳ ಐದಡಿ ಆಗಿದ್ದರೆ ಹದಿನೈದಡಿ ಇಳಿಯುವ ಲ್ಯೂರ್ ಕೊಂಡು ಫಲವಿಲ್ಲ. ಆದರೆ ಆರಡಿ ಇಳಿಯುವುದನ್ನು ಕೊಳ್ಳಿ. ಅದು ತಳಕ್ಕೆ ತಾಗಿ, ಕೆಸರೆಬ್ಬಿಸಿ, ಕಲ್ಲಿಗೆ ಬಡಿದು ದಿಕ್ಕು ತಪ್ಪಬೇಕು. ಬಾಸ್ ಎರಗುವುದು ಆ ದಿಕ್ಕು ತಪ್ಪಿದ ಗಳಿಗೆಯಲ್ಲೇ. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಕಾರ್ಕಿನಿಂದ ತನ್ನ ಮೊದಲ ಲ್ಯೂರ್ ಕೆತ್ತಿದ್ದು ಇಂಥದ್ದನ್ನೇ ಗಮನಿಸಿ: ಬೇಟೆ ಮೀನು ಗುಂಪಿನೊಳಗೆ ಬಂದಾಗ ಆರಿಸಿಕೊಳ್ಳುವುದು ನೆಟ್ಟಗೆ ಈಜುವ ಮರಿಯನ್ನಲ್ಲ, ವಾಲಾಡುವ ಮರಿಯನ್ನು.

ಬಣ್ಣದ ಬಗ್ಗೆ ಎಲ್ಲರಿಗೂ ಕುತೂಹಲ. ಅಂಗಡಿಯಲ್ಲಿ ಒಂದೇ ಹುಳು ನಲವತ್ತು ಬಣ್ಣದಲ್ಲಿ ತೂಗುತ್ತಿರುತ್ತದೆ. ಬಾಸ್ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಎರಡು ಬಗೆ; ಒಂದು ಕೆಂಪಿಗೆ, ಒಂದು ಹಸಿರಿಗೆ. ನಮಗೆ ಮೂರು. ಹಾಗಾಗಿ ಕಡುನೀಲಿಗೂ ಕಪ್ಪಿಗೂ ಅದಕ್ಕೆ ಅಂಥ ವ್ಯತ್ಯಾಸವಿಲ್ಲ, ಎಳೆ ಹಳದಿಗೂ ಬಿಳಿಗೂ ಇಲ್ಲ. ತಿಳಿನೀರಿಗೆ ಗ್ರೀನ್ ಪಂಪ್ಕಿನ್ ಅನ್ನುವ ಕಂದುಹಸಿರು, ಕದಡಿದ ನೀರಿಗೆ ಕಪ್ಪು-ನೀಲಿ, ಶ್ಯಾಡ್ ಅನ್ನುವ ಬೆಳ್ಳಿ ಬಣ್ಣದ ಮೀನಿನ ಮರಿಗಳು ಓಡಾಡುವ ಕಡೆ ಬಿಳಿ. ಮೂರು ಬಣ್ಣ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಕೊಕ್ಕೆ ಕೊಳ್ಳಿ.

ಈಗ ದಾರ. ಮೂರು ಜಾತಿ ಇವೆ. ಮಾನೋಫಿಲಮೆಂಟ್, ಅಂದರೆ ನೈಲಾನ್: ಹಿಗ್ಗುತ್ತದೆ, ನಿಧಾನವಾಗಿ ಮುಳುಗುತ್ತದೆ, ಅಗ್ಗ. ಫ್ಲೋರೋಕಾರ್ಬನ್: ಬೇಗ ಮುಳುಗುತ್ತದೆ, ಕಲ್ಲಿಗೆ ಉಜ್ಜಿದರೂ ತಾಳಿಕೊಳ್ಳುತ್ತದೆ, ನೀರಿನಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ಯಾಕೆಂದರೆ ಬೆಳಕನ್ನು ಬಾಗಿಸುವ ಅಳತೆ, ಅಂದರೆ ವಕ್ರೀಭವನ ಸೂಚ್ಯಂಕ, ನೀರಿಗೆ ಹತ್ತಿರವಾದಷ್ಟೂ ವಸ್ತು ಕಾಣುವುದು ಕಡಿಮೆ. ಅದರದು ಸುಮಾರು 1.42, ನೀರಿನದು 1.33; ನೈಲಾನಿನದು 1.5ಕ್ಕೂ ಮೇಲೆ. ಮೂರನೆಯದು ಬ್ರೇಯ್ಡ್, ಹೆಣೆದ ದಾರ. ಒಂದಿಷ್ಟೂ ಹಿಗ್ಗುವುದಿಲ್ಲ, ದಪ್ಪಕ್ಕೆ ಹೋಲಿಸಿದರೆ ಬಹಳ ಗಟ್ಟಿ, ಆದರೆ ನೀರಿನಲ್ಲಿ ಎದ್ದು ಕಾಣುತ್ತದೆ. ಜೊಂಡಿನ ಮೇಲೆ ಕಪ್ಪೆ ಎಳೆಯುವವರು 50 ಪೌಂಡಿನ, ಅಂದರೆ ಅಷ್ಟು ಎಳೆತ ತಾಳುವ, ಬ್ರೇಯ್ಡ್ ಬಳಸುವುದು ಮೀನು ಅಷ್ಟು ತೂಗುತ್ತದೆ ಅಂತಲ್ಲ. ಮೀನಿನ ಜೊತೆ ಒಂದು ಹೊರೆ ಜೊಂಡನ್ನೂ ಎಳೆದು ತರಬೇಕಲ್ಲ, ಅದಕ್ಕೆ. ಹೊಸಬರಿಗೆ ನನ್ನ ಸಲಹೆ: ಸ್ಪಿನ್ನಿಂಗ್ ರೀಲಿಗೆ 10 ಪೌಂಡಿನ ಬ್ರೇಯ್ಡ್ ಸುತ್ತಿ, ತುದಿಗೆ ಆರೇಳು ಅಡಿ 8 ಪೌಂಡಿನ ಫ್ಲೋರೋಕಾರ್ಬನ್ ಗಂಟು ಹಾಕಿ. ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಿ ಒದ್ದೆ ಮಾಡಿ. ಒಣಗಿದ ಗಂಟು ಬಿಗಿಯುವಾಗ ಶಾಖಕ್ಕೆ ದಾರ ಅಲ್ಲೇ ಸೊರಗುತ್ತದೆ.

ರಾಡಿಗೆ ಬಂದೆವು. ನಾವು ಚಿಕ್ಕವರಿದ್ದಾಗ ಬಳುಕುವ ಕೋಲಿನ ತುದಿಗೆ ಕೆಸರುಂಡೆ ಅಂಟಿಸಿ ಬೀಸಿ ಎಸೆಯುತ್ತಿದ್ದೆವು, ನೆನಪಿದೆಯೇ? ತೆಳ್ಳನೆಯ ಕೋಲಿಗೆ ದೊಡ್ಡ ಉಂಡೆ ಮೆತ್ತಿದರೆ ಕೋಲು ಜೋತು ಬೀಳುತ್ತಿತ್ತು. ದಪ್ಪ ಕೋಲಿಗೆ ಸಣ್ಣ ಉಂಡೆ ಹಾಕಿದರೆ ಕೋಲು ಬಾಗುತ್ತಲೇ ಇರಲಿಲ್ಲ, ಉಂಡೆ ಕಾಲ ಬುಡದಲ್ಲೇ ಬೀಳುತ್ತಿತ್ತು. ಉಂಡೆಗೆ ತಕ್ಕ ಕೋಲು ಸಿಕ್ಕಿದರೆ ಮಾತ್ರ ಅದು ಕೆರೆಯ ಆಚೆ ದಡಕ್ಕೆ ಹಾರುತ್ತಿತ್ತು. ರಾಡಿನ ವಿದ್ಯೆ ಪೂರ್ತಿ ಅದರಲ್ಲೇ ಇದೆ. ಲ್ಯೂರಿನ ತೂಕ ರಾಡನ್ನು ಬಾಗಿಸಬೇಕು, ಬಾಗಿದ ರಾಡ್ ನೆಟ್ಟಗಾಗುತ್ತಾ ಲ್ಯೂರನ್ನು ಎಸೆಯಬೇಕು. ಅದಕ್ಕೇ ಪ್ರತಿ ರಾಡಿನ ಹಿಡಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ: ಲ್ಯೂರ್ 1/4 ರಿಂದ 3/4 ಔನ್ಸ್, ದಾರ 10 ರಿಂದ 17 ಪೌಂಡ್, ಹೀಗೆ. ಅಂಗಡಿಗೆ ಹೋದಾಗ ಬೆಲೆ ಚೀಟಿಗಿಂತ ಮೊದಲು ಇದನ್ನು ಓದಿ.

ಅಲ್ಲೇ ಇನ್ನೆರಡು ಮಾತು ಬರೆದಿರುತ್ತದೆ, ಪವರ್ ಮತ್ತು ಆ್ಯಕ್ಷನ್. ಇವೆರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಪವರ್ ಅಂದರೆ ರಾಡನ್ನು ಬಾಗಿಸಲು ಎಷ್ಟು ಬಲ ಬೇಕು ಅನ್ನುವುದು: ಲೈಟ್, ಮೀಡಿಯಮ್, ಮೀಡಿಯಮ್ ಹೆವಿ, ಹೆವಿ. ಆ್ಯಕ್ಷನ್ ಅಂದರೆ ಎಲ್ಲಿ ಬಾಗುತ್ತದೆ ಅನ್ನುವುದು. ತುದಿ ಮಾತ್ರ ಬಾಗಿದರೆ ಫಾಸ್ಟ್, ನಡುವಿನವರೆಗೂ ಬಾಗಿದರೆ ಮಾಡರೇಟ್.

ಟೆಕ್ಸಾಸ್ ರಿಗ್ಗಿನಲ್ಲಿ ಕೊಕ್ಕೆ ಹುಳುವಿನ ಒಳಗೆ ಅಡಗಿದೆ ಅಂದೆನಲ್ಲ? ಬಾಸ್ ಹೀರಿದ ಕೂಡಲೇ ನೀವು ಎಳೆದಾಗ ಆ ಮೊನೆ ಮೊದಲು ಪ್ಲಾಸ್ಟಿಕ್ ತೂರಬೇಕು, ಆಮೇಲೆ ಗಡುಸಾದ ದವಡೆ ತೂರಬೇಕು. ಅದಕ್ಕೆ ಬುಡದಲ್ಲಿ ಬಿಗುವಿರುವ ಮೀಡಿಯಮ್ ಹೆವಿ, ಫಾಸ್ಟ್ ರಾಡ್ ಬೇಕು. ಕ್ರ್ಯಾಂಕ್‌ಬೈಟಿನ ಕಥೆ ಇದಕ್ಕೆ ತದ್ವಿರುದ್ಧ. ಅದರ ಮೂರು ಮುಳ್ಳಿನ ಸಣ್ಣ ಕೊಕ್ಕೆಗಳು ಹೊರಗೇ ಇವೆ, ಮೀನು ಬಾಯಿ ಹಾಕಿದರೆ ತಾವಾಗಿಯೇ ಚುಚ್ಚುತ್ತವೆ, ಆದರೆ ಆಳಕ್ಕೆ ಇಳಿದಿರುವುದಿಲ್ಲ. ಗಟ್ಟಿ ರಾಡಿನಲ್ಲಿ ಜೋರಾಗಿ ಸೆಳೆದರೆ ಕಿತ್ತುಬರುತ್ತವೆ. ಬಾಸ್ ನೀರಿನ ಮೇಲೆ ಹಾರಿ ತಲೆ ಒದರಿದಾಗ ಕಳಚಿಕೊಳ್ಳುತ್ತವೆ. ಅದಕ್ಕೆ ಮೀಡಿಯಮ್ ಪವರಿನ, ನಡುವಿನವರೆಗೆ ಬಳುಕುವ ಮಾಡರೇಟ್ ರಾಡ್. ಗ್ರಾಫೈಟ್ ಬಂದು ಐವತ್ತು ವರ್ಷವಾದರೂ ಕ್ರ್ಯಾಂಕ್‌ಬೈಟಿಗೆ ಫೈಬರ್‌ಗ್ಲಾಸ್ ರಾಡೇ ಬೇಕು ಅನ್ನುವವರು ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಗ್ರಾಫೈಟ್ ಹಗುರ, ತಳದ ಸಣ್ಣ ಕಲ್ಲನ್ನೂ ಬೆರಳಿಗೆ ತಿಳಿಸುತ್ತದೆ. ಗ್ಲಾಸ್ ನಿಧಾನ, ಕ್ಷಮಿಸುವ ಗುಣದ್ದು.

ಕಟ್ಟಕಡೆಗೆ ರೀಲ್. ಎರಡು ಬಗೆ ಗೊತ್ತಿದ್ದರೆ ಸಾಕು. ಸ್ಪಿನ್ನಿಂಗ್ ರೀಲಿನಲ್ಲಿ ದಾರದ ಉರುಳೆ ಅಲ್ಲಾಡದೆ ನಿಂತಿರುತ್ತದೆ, ಎಸೆದಾಗ ದಾರ ಅದರ ಅಂಚಿನಿಂದ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ಹಾಗಾಗಿ ಹಗುರ ಲ್ಯೂರೂ ದೂರ ಹೋಗಬಲ್ಲದು. ಬೈಟ್‌ಕಾಸ್ಟರಿನಲ್ಲಿ ಉರುಳೆಯೇ ತಿರುಗಬೇಕು, ಅದನ್ನು ತಿರುಗಿಸುವ ಕೆಲಸ ಲ್ಯೂರಿನ ತೂಕದ್ದು. 1/4 ಔನ್ಸಿಗಿಂತ ಹಗುರವಾದರೆ ಕಷ್ಟ. ನನ್ನ ಮೊದಲ ವರ್ಷದ ಸಂಕಟ ಇದೇ ಆಗಿತ್ತು. ಹೊಲಿಗೆ ಯಂತ್ರದ ದಾರದುಂಡೆಯನ್ನು ರಭಸವಾಗಿ ಎಳೆದು ಥಟ್ಟನೆ ನಿಲ್ಲಿಸಿದರೆ ಉಂಡೆ ಇನ್ನೂ ತಿರುಗುತ್ತಾ ದಾರವೆಲ್ಲ ಸಡಿಲಾಗಿ ಗೋಜಲಾಗುತ್ತದಲ್ಲ, ಬೈಟ್‌ಕಾಸ್ಟರಿನಲ್ಲಿ ಆಗುವುದೂ ಅದೇ. ಲ್ಯೂರ್ ನೀರು ಮುಟ್ಟಿ ನಿಂತಿತು, ಉರುಳೆ ನಿಲ್ಲಲಿಲ್ಲ.

ಇದಕ್ಕೆ ಮದ್ದು ಇದೆ. ಲ್ಯೂರ್ ಕಟ್ಟಿ ರಾಡನ್ನು ಎದುರಿಗೆ ಹಿಡಿದು ಗುಂಡಿ ಒತ್ತಿ. ಪಕ್ಕದ ಬಿಗಿ ತಿರುಪನ್ನು ಹೊಂದಿಸಿ, ಲ್ಯೂರ್ ನಿಧಾನ ಇಳಿದು ನೆಲ ಮುಟ್ಟಿದ ಕ್ಷಣವೇ ಉರುಳೆಯೂ ನಿಲ್ಲುವ ಹಾಗೆ. ಬ್ರೇಕನ್ನು ಮೊದಲು ಪೂರ್ತಿ ಹೆಚ್ಚಿಗೆ ಇಟ್ಟು, ಕೈ ಪಳಗಿದ ಹಾಗೆ ಒಂದೊಂದೇ ಹೆಜ್ಜೆ ಇಳಿಸುತ್ತಾ ಬನ್ನಿ. ಲ್ಯೂರ್ ನೀರಿಗೆ ಬೀಳುವ ಮುನ್ನ ಹೆಬ್ಬೆರಳು ಉರುಳೆಯ ಮೇಲಿರಲಿ. ಪಾರ್ಕಿನ ಹುಲ್ಲಿನ ಮೇಲೆ ಕೊಕ್ಕೆ ತೆಗೆದ ಲ್ಯೂರ್ ಕಟ್ಟಿ ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ ಎಸೆಯಿರಿ. ನೀರಿನ ಬಳಿ ಕಲಿಯಲು ಹೋದರೆ ಮನಸ್ಸು ಮೀನಿನ ಮೇಲಿರುತ್ತದೆ, ಹೆಬ್ಬೆರಳು ಕಲಿಯುವುದಿಲ್ಲ.

ಗೇರ್ ರೇಶಿಯೊ ಅಂತ ಬರೆದಿರುತ್ತದೆ: 5.4:1, 7.1:1. ಹಿಡಿ ಒಂದು ಸುತ್ತು ತಿರುಗಿಸಿದರೆ ಉರುಳೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ. ಆಳಕ್ಕೆ ಇಳಿಯುವ ಕ್ರ್ಯಾಂಕ್‌ಬೈಟ್ ನೀರನ್ನು ತಳ್ಳುತ್ತಾ ಬರುವುದರಿಂದ ಐದರ ಆಸುಪಾಸಿನ ರೀಲಿನಲ್ಲಿ ಕೈ ನೋಯುವುದಿಲ್ಲ. ಹುಳು, ಜಿಗ್, ಕಪ್ಪೆಗೆ ಏಳು. ಅಲ್ಲಿ ಲ್ಯೂರನ್ನು ಆಡಿಸುವುದು ರಾಡ್, ರೀಲಿನ ಕೆಲಸ ಸಡಿಲು ದಾರವನ್ನು ಬೇಗ ಸುತ್ತಿಕೊಳ್ಳುವುದು. ಒಂದೇ ಕೊಳ್ಳುವುದಾದರೆ ಆರೂಕಾಲರಿಂದ ಏಳರ ನಡುವಿನದು ಎಲ್ಲಕ್ಕೂ ಆಗುತ್ತದೆ.

ಅಮೆರಿಕದಲ್ಲಿ ಈ ಹಲ್ಲುಚಕ್ರದ ರೀಲ್ ಹುಟ್ಟಿದ್ದು ಗಡಿಯಾರದವರ ಕೈಯಲ್ಲಿ ಅನ್ನುವುದು ನನಗೆ ಬಹಳ ಪ್ರಿಯವಾದ ಸಂಗತಿ. 19ನೇ ಶತಮಾನದ ಆರಂಭದಲ್ಲಿ ಕೆಂಟಕಿಯ ಪ್ಯಾರಿಸ್ ಅನ್ನುವ ಊರಿನ ಜಾರ್ಜ್ ಸ್ನೈಡರ್ ಗಡಿಯಾರ ಮತ್ತು ಬೆಳ್ಳಿ ಕೆಲಸದವರು. ಬಾಸ್ ಹಿಡಿಯುವ ಹುಚ್ಚಿತ್ತು, ಕೈಯಲ್ಲಿ ಹಲ್ಲುಚಕ್ರದ ವಿದ್ಯೆಯಿತ್ತು. ಹಿಡಿ ಒಂದು ಸುತ್ತು ತಿರುಗಿದರೆ ಉರುಳೆ ಹಲವು ಸುತ್ತು ತಿರುಗುವ ರೀಲ್ ಮಾಡಿದರು. ಅವರ ಹಿಂದೆ ಕೆಂಟಕಿಯ ಇನ್ನಷ್ಟು ಗಡಿಯಾರದವರು ಅದೇ ದಾರಿ ಹಿಡಿದರು. ನಿಮ್ಮ ಕೈಯಲ್ಲಿರುವ ಬೈಟ್‌ಕಾಸ್ಟರ್ ಅದರದೇ ಸಂತಾನ.

ಇಷ್ಟೆಲ್ಲ ಕೇಳಿ ನಾಳೆ ಐದು ರಾಡ್ ಕೊಳ್ಳಬೇಡಿ. ಏಳಡಿ ಉದ್ದದ ಮೀಡಿಯಮ್, ಫಾಸ್ಟ್ ಸ್ಪಿನ್ನಿಂಗ್ ರಾಡ್ ಒಂದು, 2500 ಅಂತ ಅಳತೆ ಬರೆದಿರುವ ಸ್ಪಿನ್ನಿಂಗ್ ರೀಲ್ ಒಂದು, ಆಗಲೇ ಹೇಳಿದ ದಾರ. ನೂರು ಡಾಲರಿನೊಳಗೆ ಸಿಗುತ್ತದೆ. ಒಂದು ಪೊಟ್ಟಣ ಹುಳು, ಒಂದು ಸೆಂಕೋ, ಒಂದು 1/4 ಔನ್ಸ್ ಸ್ಪಿನ್ನರ್‌ಬೈಟ್, ಒಂದು ಪಾಪರ್. ಇದರಲ್ಲೇ ಒಂದು ವರ್ಷ ಕಳೆಯಿರಿ. ಯಾವ ಮೀನು ಯಾಕೆ ತಪ್ಪಿಸಿಕೊಂಡಿತು ಅನ್ನುವುದು ಮುಂದಿನ ರಾಡನ್ನು ಹೇಳುತ್ತದೆ. ಟೆಕ್ಸಾಸ್‌ನ ದಾಖಲೆಯ ಬಾಸ್ 18.18 ಪೌಂಡ್ ತೂಗಿತ್ತು. 1992ರ ಜನವರಿಯಲ್ಲಿ ಲೇಕ್ ಫೋರ್ಕಿನಲ್ಲಿ ಅದನ್ನು ಹಿಡಿದ ಬ್ಯಾರಿ ಸೇಂಟ್ ಕ್ಲೇರ್ ಅವತ್ತು ಹೋಗಿದ್ದು ಬಾಸಿಗಲ್ಲ. ಕ್ರಾಪಿ ಅನ್ನುವ ಸಣ್ಣ ಮೀನಿಗೆ, ಗಾಳಕ್ಕೆ ಮರಿಮೀನು ಸಿಕ್ಕಿಸಿಕೊಂಡು. ಆ ಮೀನಿಗೆ ಬೇಕಾಗಿದ್ದದ್ದು ಅದೊಂದೇ ಮರಿಮೀನು.

ಇಬ್ಬರು ಕೇಳಿದ ಪ್ರಶ್ನೆಗಳಿಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. "ನಾವು ಮೀನು ತಿನ್ನುವವರಲ್ಲ, ಹಿಡಿದು ಬಿಟ್ಟರೆ ಬದುಕುತ್ತದೆಯೇ?" ಅಂತ ಒಬ್ಬರು ಅಮ್ಮ ಕೇಳಿದರು. ಸರಿಯಾಗಿ ಬಿಟ್ಟರೆ ಬಹುಪಾಲು ಬದುಕುತ್ತದೆ. ಬಾಸ್ ಪಂದ್ಯಗಳನ್ನು ಕಟ್ಟಿದ ಅಲಬಾಮಾದ ರೇ ಸ್ಕಾಟ್ 1972ರಲ್ಲಿ ಪಂದ್ಯದ ಮೀನನ್ನು ಜೀವಂತ ಬಿಡುವ ನಿಯಮ ತಂದ ಮೇಲೆ ಇಲ್ಲಿ ತಿನ್ನುವವರೂ ಬಾಸನ್ನು ಬಿಡುವುದು ವಾಡಿಕೆಯಾಯಿತು. ಲೇಕ್ ಫೋರ್ಕಿನಲ್ಲಂತೂ 16ರಿಂದ 24 ಅಂಗುಲದ ಲಾರ್ಜ್‌ಮೌತನ್ನು ಬಿಡಲೇಬೇಕು ಎಂಬುದು ಕಾನೂನು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ. ಮೀನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಿ, ಮೈಮೇಲಿನ ಲೋಳೆ ಅದರ ರಕ್ಷೆ. ಕೆಳದುಟಿ ಹಿಡಿದು ಎತ್ತುವಾಗ ಇನ್ನೊಂದು ಕೈ ಹೊಟ್ಟೆಯ ಕೆಳಗೆ ಇರಲಿ. ಫೋಟೋಗೆ ನಿಲ್ಲುವಷ್ಟು ಹೊತ್ತು ನೀವೂ ಉಸಿರು ಹಿಡಿದುಕೊಳ್ಳಿ, ನಿಮಗೆ ಕಷ್ಟವಾದಾಗ ಅದನ್ನು ನೀರಿಗೆ ಬಿಡಿ. ಆಗಸ್ಟಿನ ಸುಡುಬಿಸಿಲಲ್ಲಿ ನೀರು ಕಾದಿರುತ್ತದೆ, ಆಮ್ಲಜನಕ ಕಡಿಮೆ. ಆಗ ಬೆಳಗಿನ ಹೊತ್ತು ಮಾತ್ರ ಹೋಗಿ.

"ಎಂಟು ವರ್ಷದ ಮಗಳಿಗೆ ಏನು ಕೊಡಿಸಲಿ?" ಅಂತ ಇನ್ನೊಬ್ಬರು ಕೇಳಿದರು. ಗುಂಡಿ ಒತ್ತಿ ಎಸೆಯುವ ಸ್ಪಿನ್‌ಕಾಸ್ಟ್ ರೀಲ್, ಐದಡಿಯ ರಾಡ್. ಅದನ್ನೂ ಕಂಡುಹಿಡಿದವರು ಒಬ್ಬ ಗಡಿಯಾರ ರಿಪೇರಿಯವರೇ, ನಮ್ಮ ಟೆಕ್ಸಾಸ್‌ನ ಆರ್. ಡಿ. ಹಲ್. ಅಂಗಡಿಯವನೊಬ್ಬ ಪೊಟ್ಟಣ ಕಟ್ಟಲು ನಿಂತ ಉಂಡೆಯ ತುದಿಯಿಂದ ದಾರ ಎಳೆಯುವುದನ್ನು ನೋಡಿ ಅವರಿಗೆ ಹೊಳೆಯಿತಂತೆ. 1947ರಲ್ಲಿ ಅವರು ಅದನ್ನು ಒಯ್ದದ್ದು ಓಕ್ಲಹೋಮಾದ ಟಲ್ಸಾದಲ್ಲಿ ಎಣ್ಣೆ ಬಾವಿಗಳಿಗೆ ಟೈಂ ಬಾಂಬ್ ಮಾಡುತ್ತಿದ್ದ ಝೀರೋ ಅವರ್ ಬಾಂಬ್ ಕಂಪನಿಗೆ. ಇವತ್ತಿನ ಜೆಬ್ಕೋ ಅನ್ನುವ ಹೆಸರು ಆ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ಮಗಳಿಗೆ ಮೊದಲ ದಿನ ಬಾಸ್ ಬೇಡ. ಸಣ್ಣ ಕೊಕ್ಕೆ, ಬೆಂಡು, ಅರ್ಧ ಎರೆಹುಳು, ಪಾಂಡಿನ ಬ್ಲೂಗಿಲ್. ಟೆಕ್ಸಾಸ್‌ನಲ್ಲಿ ಹದಿನೇಳು ತುಂಬದವರಿಗೆ ಲೈಸೆನ್ಸ್ ಬೇಕಿಲ್ಲ. ನಿಮಗೆ ಬೇಕು, ಆದರೆ ಸ್ಟೇಟ್ ಪಾರ್ಕಿನ ದಡದಿಂದ ಹಿಡಿಯುವುದಾದರೆ ನಿಮಗೂ ಬೇಡ. ಬೆಂಡು ಮುಳುಗಿದಾಗ ನೀವು ಎಳೆಯಬೇಡಿ, ಅವಳೇ ಎಳೆಯಲಿ.